ಅಣಬೆಯ ಬೀಜಾಣುವೂ ಪೀಟರ್ ಮೊಲವೂ

೧೮೯೩ನೆಯ ಇಸವಿಯ ಸೆಪ್ಟೆಂಬರ್ ತಿಂಗಳ ಮೊದಲ ವಾರ. ಸ್ಕಾಟ್‌ಲೆಂಡಿನ ಡನ್‌ಕೆಲ್ಡ್ ಎಂಬ ಊರಿನ ಬಳಿ, ಟೇ ನದಿಯ ದಡದ ಈಸ್ಟ್‌ವುಡ್ ಎಂಬ ಮನೆಯಲ್ಲಿ, ಬೇಸಗೆಯನ್ನು ಕಳೆಯಲು ಲಂಡನ್ನಿನಿಂದ ಬಂದ ಸಿರಿವಂತ ಕುಟುಂಬವೊಂದು ಇಳಿದುಕೊಂಡಿತ್ತು. ಆ ಮನೆಯ ಮಗಳಿಗೆ ಆಗ ಇಪ್ಪತ್ತೇಳು ವರ್ಷ. ಮೂರನೆಯ ತಾರೀಖಿನ ದಿನ ಆಕೆ ಅಪರೂಪದ ಅಣಬೆಯೊಂದನ್ನು ಮುಂದಿಟ್ಟುಕೊಂಡು ಜಲವರ್ಣದಲ್ಲಿ ಅದರ ಚಿತ್ರವನ್ನು ಬರೆದಳು. ನಾಲ್ಕನೆಯ ತಾರೀಖು, ಕಾಯಿಲೆ ಬಿದ್ದು ಮಲಗಿದ್ದ ನೋಯೆಲ್ ಎಂಬ ಐದು ವರ್ಷದ ಹುಡುಗನಿಗೆ ಕಾಗದ ಬರೆಯಲು ಕುಳಿತಳು. ಬರೆಯಲು ವಿಶೇಷ ಸಮಾಚಾರವೇನೂ ಇಲ್ಲದ್ದರಿಂದ ನಾಲ್ಕು ಮೊಲದ ಮರಿಗಳ ಕಥೆಯನ್ನು ಕಟ್ಟಿ, ಸಾಲುಗಳ ನಡುವೆ ಚಿತ್ರಗಳನ್ನು ಬಿಡಿಸಿ ಕಳುಹಿಸಿದಳು. ಐದನೆಯ ತಾರೀಖು ನೋಯೆಲನ ತಮ್ಮ ಎರಿಕನಿಗೆ ಇನ್ನೊಂದು ಕಾಗದ. ಅದರಲ್ಲಿ ಮೀನು ಹಿಡಿಯಲು ಹೊರಟ ಕಪ್ಪೆಯ ಕಥೆ.

ಮೊಲದ ಕಥೆ ಮುಂದೆ ಲೋಕಪ್ರಸಿದ್ಧವಾದ ‘ಪೀಟರ್ ರ್‍ಯಾಬಿಟ್’ ಆಯಿತು. ಕಪ್ಪೆಯ ಕಥೆ ‘ಜೆರೆಮಿ ಫಿಷರ್’ ಆಯಿತು. ಬರೆದಾಕೆ ಬಿಯಾಟ್ರಿಕ್ಸ್ ಪಾಟರ್. ಮೊದಲನೆಯ ದಿನದ ಅಣಬೆಯ ಚಿತ್ರದ ವಿಚಾರ ಮಾತ್ರ ಆಕೆಯ ಕಥೆಗಳನ್ನು ಓದಿ ಬೆಳೆದ ಬಹುಮಂದಿಗೆ ತಿಳಿಯದು.

ತಿಳಿದವರಲ್ಲಿಯೂ ಒಂದು ತಪ್ಪು ಕಲ್ಪನೆ ಬೇರೂರಿದೆ. ಆಕೆ ದೊಡ್ಡ ವಿಜ್ಞಾನಿಯಾಗಬೇಕಾಗಿದ್ದವಳು. ಪಂಡಿತರು ಆಕೆಯನ್ನು ಹೊರಗಟ್ಟಿದರು. ಆ ನಿರಾಶೆಯಲ್ಲಿ ಮಕ್ಕಳ ಕಥೆಗೆ ತಿರುಗಿದಳು—ಎಂದು ಹೇಳುವುದುಂಟು. ಕೇಳಲು ಸೊಗಸಾದ ಕಥೆಯೇ ಸರಿ. ಆದರೆ ತಾರೀಖುಗಳು ಇದಕ್ಕೆ ಒಪ್ಪುವುದಿಲ್ಲ. ಪಂಡಿತರ ಸಭೆಗೆ ಆಕೆಯ ಪ್ರಬಂಧ ಹೋದದ್ದು ೧೮೯೭ರಲ್ಲಿ. ಮೊಲದ ಕಥೆ ಹುಟ್ಟಿದ್ದು ಅದಕ್ಕೆ ನಾಲ್ಕು ವರ್ಷ ಮೊದಲು, ಅಣಬೆಯ ಚಿತ್ರದ ಮರುದಿನ. ಅದೇ ಕೈ, ಅದೇ ಕುಂಚ, ಅದೇ ಕಣ್ಣು. ಈ ಕಣ್ಣಿನ ಅಭ್ಯಾಸವೆಂಥದು ಎಂಬುದನ್ನು ನೋಡುವುದೇ ಈ ಲೇಖನದ ಉದ್ದೇಶ.

ಬಿಯಾಟ್ರಿಕ್ಸ್ ಹುಟ್ಟಿದ್ದು ೧೮೬೬ರ ಜುಲೈ ೨೮ರಂದು, ಲಂಡನ್ನಿನ ಸೌತ್ ಕೆನ್ಸಿಂಗ್‌ಟನ್ನಿನಲ್ಲಿ. ತಾತ ಬಟ್ಟೆಗೆ ಅಚ್ಚು ಹಾಕುವ ಕಾರ್ಖಾನೆಯಿಂದ ಹಣ ಗಳಿಸಿದವನು. ತಂದೆ ಹೆಸರಿಗೆ ಬ್ಯಾರಿಸ್ಟರ್, ಹವ್ಯಾಸಕ್ಕೆ ಛಾಯಾಚಿತ್ರಕಾರ. ಹುಡುಗಿ ಶಾಲೆಯ ಮೆಟ್ಟಿಲು ಹತ್ತಲಿಲ್ಲ; ಮನೆಗೆ ಬರುವ ಉಪಾಧ್ಯಾಯಿನಿಯರೇ ಪಾಠ ಹೇಳಿದರು. ಆರು ವರ್ಷ ಕಿರಿಯನಾದ ತಮ್ಮ ಬರ್ಟ್ರಮ್ ಒಬ್ಬನೇ ಜೊತೆ. ಇಬ್ಬರೂ ಸೇರಿ ಮೊಲ, ಇಲಿ, ಮುಳ್ಳಿಲಿ, ಕಪ್ಪೆ, ಹಲ್ಲಿ, ಬಾವಲಿಗಳನ್ನು ಸಾಕಿದರು. ಸತ್ತ ಪ್ರಾಣಿಗಳನ್ನು ಕುದಿಸಿ ಮಾಂಸವನ್ನು ಬಿಡಿಸಿ, ಎಲುಬುಗಳನ್ನು ಕ್ರಮವಾಗಿ ಜೋಡಿಸಿ ಅಸ್ಥಿಪಂಜರ ಮಾಡಿಟ್ಟುಕೊಳ್ಳುತ್ತಿದ್ದರು. ಮಕ್ಕಳ ಆಟವೆಂದು ಇದನ್ನು ತಳ್ಳಿಬಿಡಲಾಗದು. ಮೊಲದ ಹಿಂಗಾಲಿನ ಕೀಲು ಯಾವ ಕಡೆಗೆ ಮಡಿಯುತ್ತದೆ ಎಂಬುದನ್ನು ಎಲುಬು ಹಿಡಿದು ಕಲಿತವಳು, ಆ ಮೊಲಕ್ಕೆ ನೀಲಿ ಅಂಗಿ ತೊಡಿಸಿದಾಗಲೂ ಅಂಗಿಯ ಒಳಗಿನ ಮೈಯನ್ನು ಮರೆಯುವುದಿಲ್ಲ.

ಹದಿಹರೆಯದಿಂದ ಮೂವತ್ತರವರೆಗೆ ಆಕೆ ಗುಪ್ತ ಲಿಪಿಯಲ್ಲಿ ದಿನಚರಿ ಬರೆದಳು. ಅಕ್ಷರಕ್ಕೆ ಬದಲು ಬೇರೊಂದು ಚಿಹ್ನೆಯನ್ನಿಡುವ ಸರಳ ಲಿಪಿ ಅದು. ಆದರೂ ಆಕೆ ತೀರಿಕೊಂಡ ಮೇಲೆ ವರ್ಷಗಟ್ಟಲೆ ಯಾರಿಗೂ ಬಗೆಹರಿಯಲಿಲ್ಲ. ೧೯೫೮ರಲ್ಲಿ ಲೆಸ್ಲಿ ಲಿಂಡರ್ ಎಂಬಾತನು ಒಂದು ಪುಟದಲ್ಲಿ ರೋಮನ್ ಅಂಕೆಯ ಹದಿನಾರನ್ನೂ ೧೭೯೩ ಎಂಬ ಇಸವಿಯನ್ನೂ ಕಂಡನು. ಆ ವರ್ಷ ಗಿಲೊಟಿನ್ನಿಗೆ ತಲೆಯೊಡ್ಡಿದ ಫ್ರಾನ್ಸಿನ ಹದಿನಾರನೆಯ ಲೂಯಿಯ ಮಾತು ಅಲ್ಲಿರಬೇಕೆಂದು ಊಹಿಸಿ, ಆ ಒಂದು ಎಳೆಯನ್ನು ಹಿಡಿದು ಇಡೀ ಲಿಪಿಯನ್ನು ಬಿಡಿಸಿದನು. ದಿನಚರಿಯು ೧೯೬೬ರಲ್ಲಿ ಅಚ್ಚಾಯಿತು. ಆಕೆಯ ಅಣಬೆಯ ಕೆಲಸದ ಬಗ್ಗೆ ನಮಗಿಂದು ತಿಳಿದಿರುವುದರಲ್ಲಿ ಬಹುಪಾಲು ಈ ಪುಟಗಳಿಂದ ಬಂದದ್ದು.

ಅಣಬೆಗೆ ಬರೋಣ. ಮಳೆ ಬಿದ್ದ ಮರುದಿನ ಹಿತ್ತಲಿನಲ್ಲಿ ಏಳುವ ನಾಯಿಕೊಡೆಯನ್ನು ನಾವು ಒಂದು ಗಿಡವೆಂದು ತಿಳಿಯುತ್ತೇವೆ. ನಿಜಕ್ಕೂ ಅದು ಮಣ್ಣಿನೊಳಗೋ ಕೊಳೆತ ಮರದೊಳಗೋ ಹರಡಿಕೊಂಡಿರುವ ಶಿಲೀಂಧ್ರದ ಹಣ್ಣಿನಂತಹ ಭಾಗ ಮಾತ್ರ. ಶಿಲೀಂಧ್ರದ ದೇಹವೆಂದರೆ ನೂಲಿಗಿಂತ ಎಷ್ಟೋ ಪಾಲು ತೆಳುವಾದ ಎಳೆಗಳ ಜಾಲ. ಕೊಡೆಯ ತಳಭಾಗದಿಂದ ಉದುರುವ ಧೂಳಿನಂತಹ ಕಣಗಳೇ ಬೀಜಾಣುಗಳು. ದೊಡ್ಡದೊಂದು ಅಣಬೆ ಇಂತಹವನ್ನು ನೂರಾರು ಕೋಟಿಗಳಷ್ಟು ಚೆಲ್ಲಬಲ್ಲುದು. ಇಷ್ಟು ಚೆಲ್ಲಿದರೂ ಮೊಳೆಯುವುದು ಎಷ್ಟು ಕಡಮೆ! ಹೇಗೆ, ಯಾವಾಗ, ಯಾವ ಆಹಾರದ ಮೇಲೆ ಅವು ಮೊಳೆಯುತ್ತವೆ ಎಂಬುದು ಆ ಕಾಲದಲ್ಲಿ ತೊಡಕಿನ ಪ್ರಶ್ನೆಯಾಗಿತ್ತು. ಜರ್ಮನಿಯಲ್ಲಿ ಆಸ್ಕರ್ ಬ್ರೆಫೆಲ್ಡನು ಈ ದಿಕ್ಕಿನಲ್ಲಿ ಬಹಳ ಕೆಲಸ ಮಾಡಿದ್ದನು. ಇಂಗ್ಲೆಂಡಿನಲ್ಲಿ ಅದನ್ನು ಕೈಗೆತ್ತಿಕೊಂಡವರು ವಿರಳ.

ಬಿಯಾಟ್ರಿಕ್ಸಳಿಗೆ ಈ ವಿಷಯದಲ್ಲಿ ಗುರುವಾದವನು ಒಬ್ಬ ಅಂಚೆಯವನು! ಚಾರ್ಲ್ಸ್ ಮೆಕಿಂಟಾಷ್ ಡನ್‌ಕೆಲ್ಡಿನ ಸುತ್ತಿನ ಹಳ್ಳಿಗಳಿಗೆ ಕಾಲ್ನಡೆಯಲ್ಲಿ ಕಾಗದ ಹಂಚುತ್ತಿದ್ದವನು. ಎಳೆಯ ವಯಸ್ಸಿನಲ್ಲಿ ಮರ ಕೊಯ್ಯುವ ಕಾರ್ಖಾನೆಯ ಅಪಘಾತದಲ್ಲಿ ಒಂದು ಕೈಯ ಬೆರಳುಗಳನ್ನು ಕಳೆದುಕೊಂಡಿದ್ದನು. ದಿನವೂ ಮೈಲಿಗಟ್ಟಲೆ ನಡೆಯುವಾಗ ದಾರಿಯ ಬದಿಯ ಹಾವಸೆ, ಜರೀಗಿಡ, ಅಣಬೆಗಳನ್ನೆಲ್ಲ ಗುರುತಿಸುತ್ತ ಹೋಗಿ, ಪದವಿಯಿಲ್ಲದೆಯೇ ಆ ಜಿಲ್ಲೆಯ ಸಸ್ಯಜ್ಞನೆನಿಸಿದನು. ೧೮೯೨ರಲ್ಲಿ ಬಿಯಾಟ್ರಿಕ್ಸ್ ಅವನನ್ನು ಕಂಡು ತನ್ನ ಚಿತ್ರಗಳನ್ನು ತೋರಿಸಿದಳು. ಅವನು ಮುಲಾಜಿಲ್ಲದೆ ತಪ್ಪುಗಳನ್ನು ತಿದ್ದಿದನು: ಅಣಬೆಯನ್ನು ಮೇಲಿನಿಂದ ಮಾತ್ರ ಬರೆದರೆ ಸಾಲದು, ಕೊಡೆಯ ಕೆಳಗಿನ ಪದರಗಳು ಕಾಂಡಕ್ಕೆ ಹೇಗೆ ಕೂಡಿಕೊಂಡಿವೆಯೆಂಬುದು ಕಾಣಬೇಕು, ಸೀಳಿದ ಭಾಗವನ್ನೂ ಪಕ್ಕದಲ್ಲಿ ಬರೆಯಬೇಕು. ಚಳಿಗಾಲದಲ್ಲಿ ಆಕೆ ಲಂಡನ್ನಿಗೆ ಹಿಂದಿರುಗಿದ ಮೇಲೆ ಅವನು ಅಣಬೆಗಳನ್ನು ಅಂಚೆಯಲ್ಲಿ ಕಳುಹಿಸುತ್ತಿದ್ದನು, ಆಕೆ ಚಿತ್ರದ ಪ್ರತಿಗಳನ್ನು ಅವನಿಗೆ ಕಳುಹಿಸುತ್ತಿದ್ದಳು.

ಮೇಲೆ ಹೇಳಿದ ಸೆಪ್ಟೆಂಬರ್ ಮೂರರ ಚಿತ್ರ ‘ಸ್ಟ್ರೋಬಿಲೊಮೈಸಿಸ್’ ಎಂಬ ಅಣಬೆಯದು. ಇಂಗ್ಲಿಷರು ಅದನ್ನು ಕಾಡಿನ ಮುದುಕನೆಂದು ಕರೆಯುತ್ತಾರೆ. ಮೈಮೇಲೆಲ್ಲ ಕೆದರಿದ ಕರಿಯ ಹೊಪ್ಪಳೆಗಳು; ಕೊಯ್ದರೆ ತಿರುಳು ಮೊದಲು ಕೆಂಪಾಗಿ ಅನಂತರ ಕಪ್ಪಾಗುತ್ತದೆ. ಕಣ್ಣಿಗೆ ಚೆಂದವೆನಿಸುವ ವಸ್ತುವೇನಲ್ಲ. ಚೆಂದಕ್ಕಾಗಿ ಚಿತ್ರ ಬರೆಯುವವರು ಇದನ್ನು ಬಿಟ್ಟು ಮುಂದೆ ಹೋಗುತ್ತಿದ್ದರು.

ಬರಿಯ ಚಿತ್ರದಿಂದ ಆಕೆಗೆ ತೃಪ್ತಿಯಾಗಲಿಲ್ಲ. ಬೀಜಾಣುಗಳನ್ನು ಗಾಜಿನ ಪಟ್ಟಿಕೆಯ ಮೇಲೆ ತೇವದಲ್ಲಿರಿಸಿ ಮೊಳೆಯಿಸಲು ತೊಡಗಿದಳು. ಮೊಳೆತದ್ದನ್ನು ಸೂಕ್ಷ್ಮದರ್ಶಕದಲ್ಲಿ ಸುಮಾರು ೬೦೦ ಪಟ್ಟು ಹಿಗ್ಗಿಸಿ ನೋಡಿ ಚಿತ್ರಿಸಿದಳು. ಈ ಸಂಖ್ಯೆಯ ಮೇಲೆ ಒಂದು ನಿಮಿಷ ನಿಲ್ಲೋಣ. ಅಣಬೆಯ ಬೀಜಾಣುವಿನ ಉದ್ದ ಸಾಧಾರಣವಾಗಿ ಎಂಟು ಮೈಕ್ರಾನ್ ಎಂದಿಟ್ಟುಕೊಂಡರೆ (ಮಿಲಿಮೀಟರಿನ ಸಾವಿರದಲ್ಲೊಂದು ಪಾಲೇ ಮೈಕ್ರಾನ್) ೧೨೫ ಬೀಜಾಣುಗಳನ್ನು ಸಾಲಾಗಿ ಇಟ್ಟಾಗ ಒಂದು ಮಿಲಿಮೀಟರ್ ಆಗುತ್ತದೆ. ೬೦೦ ಪಟ್ಟು ಹಿಗ್ಗಿದಾಗ ಒಂದೊಂದು ಬೀಜಾಣುವೂ ತೊಗರಿಬೇಳೆಯಷ್ಟು ಕಾಣುತ್ತದೆ. ಇನ್ನೂ ಹಿಗ್ಗಿಸಬಾರದೇ? ಹಿಗ್ಗಿಸಬಹುದು, ಆದರೆ ಲಾಭವಿಲ್ಲ. ಬೆಳಕು ಅಲೆಯಾದುದರಿಂದ, ಅದರ ಅಲೆಯುದ್ದದ ಸುಮಾರು ಅರ್ಧಕ್ಕಿಂತ ಹತ್ತಿರವಿರುವ ಎರಡು ಬಿಂದುಗಳನ್ನು ಎಂತಹ ಮಸೂರವೂ ಬೇರೆಬೇರೆಯಾಗಿ ತೋರಿಸಲಾರದು. ಇದನ್ನು ೧೮೭೩ರಲ್ಲಿ ಆಬೆ ತೋರಿಸಿಕೊಟ್ಟನು. ಹಸಿರು ಬೆಳಕಿಗೆ ಈ ಎಲ್ಲೆ ಸುಮಾರು ಕಾಲು ಮೈಕ್ರಾನ್. ಕಾಲು ಮೈಕ್ರಾನನ್ನು ೬೦೦ ಪಟ್ಟು ಮಾಡಿದರೆ ಒಂದು ಮಿಲಿಮೀಟರಿನ ನೂರರಲ್ಲಿ ಹದಿನೈದು ಪಾಲು. ಒಳ್ಳೆಯ ಕಣ್ಣು ಒಂದು ಗೇಣು ದೂರದಿಂದ ಗುರುತಿಸಬಲ್ಲ ಅಂತರ ಇಷ್ಟೇ. ಅಂದರೆ, ಉತ್ತಮ ಮಸೂರವಿದ್ದರೆ ಬೆಳಕು ಕೊಡಬಲ್ಲ ವಿವರವೆಲ್ಲ ಈ ಹಿಗ್ಗುವಿಕೆಯಲ್ಲಿ ಕಣ್ಣಿಗೆ ಸಿಕ್ಕಿಬಿಡುತ್ತದೆ. ಅದರಾಚೆಗೆ ಚಿತ್ರ ದೊಡ್ಡದಾಗುತ್ತದೆಯೇ ಹೊರತು ಹೊಸದೇನೂ ಕಾಣುವುದಿಲ್ಲ.

ಕಾಣಬೇಕಾದ ಎಳೆಗಳ ದಪ್ಪವೋ ಕೆಲವೇ ಮೈಕ್ರಾನುಗಳು. ಗಾಳಿಯಲ್ಲಿ ತೇಲಿಬರುವ ಬೂಷ್ಟಿನ ಬೀಜಾಣುಗಳು ಅದೇ ತೇವದಲ್ಲಿ ಬಹುಬೇಗ ಮೊಳೆತು, ತಾವೇ ಅಣಬೆಯೆಂಬ ಭ್ರಮೆ ಹುಟ್ಟಿಸುತ್ತವೆ. ಈ ಕೆಲಸದ ನಿಜವಾದ ಕಷ್ಟ ಇಲ್ಲಿದೆ. ಎದುರಿಗಿರುವ ಎಳೆಯು ತಾನಿಟ್ಟ ಬೀಜಾಣುವಿನಿಂದಲೇ ಹೊರಟಿತೆಂದು ತೋರಿಸಬೇಕಾದರೆ ಗಂಟೆಗಂಟೆಗೂ ಅದೇ ಬೀಜಾಣುವನ್ನು ಕಾಯ್ದು ನೋಡಬೇಕು. ನಮ್ಮ ಪ್ರಯೋಗಶಾಲೆಗಳಲ್ಲಿ ವಿದ್ಯಾರ್ಥಿಯು ಮಸೂರದಲ್ಲಿ ಕಣ್ಣಿಟ್ಟು, ಕೈಯಲ್ಲಿ ಮಾತ್ರ ಪುಸ್ತಕದ ಚಿತ್ರವನ್ನೇ ಬರೆಯುವುದನ್ನು ನಿತ್ಯ ಕಾಣುತ್ತೇವೆ. ನೋಡಿದ್ದನ್ನೇ ಬರೆಯುವುದು ಎಲ್ಲರಿಗೂ ಬರುವ ವಿದ್ಯೆಯಲ್ಲ.

ಬಿಯಾಟ್ರಿಕ್ಸಳ ಸೋದರತ್ತೆಯ ಗಂಡ ಸರ್ ಹೆನ್ರಿ ರಾಸ್ಕೋ ಹೆಸರಾಂತ ರಸಾಯನವಿಜ್ಞಾನಿ. ಬುನ್ಸೆನ್ನನೊಡನೆ ಬೆಳಕಿನ ರಾಸಾಯನಿಕ ಕ್ರಿಯೆಯನ್ನು ಅಳೆದವನು, ವನೇಡಿಯಂ ಲೋಹವನ್ನು ಮೊದಲು ಬೇರ್ಪಡಿಸಿದವನು. ೧೮೯೬ರಲ್ಲಿ ಅವನು ಆಕೆಯನ್ನು ಕ್ಯೂ ಸಸ್ಯೋದ್ಯಾನಕ್ಕೆ ಕರೆದೊಯ್ದನು. ಅಲ್ಲಿನ ನಿರ್ದೇಶಕ ಥಿಸೆಲ್ಟನ್-ಡೈಯರ್ ಆಕೆಯ ಮಾತಿಗೆ ಹೆಚ್ಚು ಬೆಲೆ ಕೊಡಲಿಲ್ಲ. ಶಿಲೀಂಧ್ರತಜ್ಞನಾದ ಜಾರ್ಜ್ ಮಾಸ್ಸಿ ಮೊದಲು ಸಂಶಯಪಟ್ಟರೂ ಬರಬರುತ್ತ ಆಕೆಯ ಕಡೆಗೆ ತಿರುಗಿದನು. ರಾಸ್ಕೋನ ಪ್ರೋತ್ಸಾಹದಿಂದ ಆಕೆ ಪ್ರಬಂಧವನ್ನು ಸಿದ್ಧಪಡಿಸಿದಳು. ಅಣಬೆಯ ಒಂದು ವರ್ಗದ ಬೀಜಾಣುಗಳ ಮೊಳೆಯುವಿಕೆಯೇ ಅದರ ವಿಷಯ.

೧೮೯೭ರ ಏಪ್ರಿಲ್ ೧ರಂದು ಆ ಪ್ರಬಂಧ ಲಂಡನ್ನಿನ ಲಿನಿಯನ್ ಸೊಸೈಟಿಯ ಮುಂದೆ ಬಂದಿತು. ಬರೆದವಳು ಬರುವಂತಿರಲಿಲ್ಲ, ಆ ಸಭೆಗೆ ಹೆಂಗಸರಿಗೆ ಪ್ರವೇಶವಿರಲಿಲ್ಲ. ಮಾಸ್ಸಿಯೇ ಅದನ್ನು ಮಂಡಿಸಿದನು. ಪ್ರಬಂಧವನ್ನು ಚೆನ್ನಾಗಿ ಸ್ವೀಕರಿಸಿದರೆಂದೂ, ಅಚ್ಚಾಗಬೇಕಾದರೆ ಇನ್ನೂ ಹೆಚ್ಚಿನ ಕೆಲಸವಾಗಬೇಕೆಂದು ಹೇಳಿದರೆಂದೂ ಬಿಯಾಟ್ರಿಕ್ಸ್ ಆಮೇಲೆ ಮೆಕಿಂಟಾಷನಿಗೆ ಕಾಗದದಲ್ಲಿ ತಿಳಿಸಿದಳು. ಕೆಲವೇ ದಿನಗಳಲ್ಲಿ ಪ್ರಬಂಧವನ್ನು ಹಿಂತೆಗೆದುಕೊಳ್ಳಲಾಯಿತು. ಅದು ಅಚ್ಚಾಗಲಿಲ್ಲ, ಹಸ್ತಪ್ರತಿ ಇಂದಿಗೂ ಸಿಕ್ಕಿಲ್ಲ. ಆಕೆಯ ದಿನಚರಿಯಾದರೂ ಆ ವರ್ಷದ ಜನವರಿಯಲ್ಲಿಯೇ ನಿಂತುಹೋಗಿದೆ. ಹೀಗಾಗಿ, ನಮಗೆ ಬಹು ಬೇಕಾದ ಆ ಏಪ್ರಿಲ್ ತಿಂಗಳಲ್ಲಿಯೇ ಆಕೆಯ ಲೇಖನಿ ಮೌನವಾಗಿದೆ.

ನ್ಯಾಯವೆಲ್ಲಿದೆ? ಅಚ್ಚಿಗೆ ಮೊದಲು ಇನ್ನಷ್ಟು ಪ್ರಯೋಗ ಬೇಕೆಂದು ಹೇಳುವುದು ಅನ್ಯಾಯವಲ್ಲ. ಯಾವ ಸಂಶೋಧಕನೂ ಈ ಮಾತನ್ನು ಕೇಳಬೇಕಾಗುತ್ತದೆ. ಆದರೆ ಗಂಡಸಾಗಿದ್ದರೆ ಆತನು ಸಭೆಯಲ್ಲಿ ಎದ್ದು ನಿಂತು ಉತ್ತರ ಹೇಳಬಹುದಾಗಿತ್ತು, ತನ್ನ ಗಾಜಿನ ಪಟ್ಟಿಕೆಗಳನ್ನು ತೋರಿಸಬಹುದಾಗಿತ್ತು, ಯಾವ ಪ್ರಯೋಗ ಬೇಕೆಂದು ಕೇಳಿ ತಿಳಿಯಬಹುದಾಗಿತ್ತು. ಆಕೆಗೆ ದೊರೆತದ್ದು ಇನ್ನೊಬ್ಬರ ಬಾಯಿಂದ ಬಂದ ಒಂದು ವಾಕ್ಯ ಮಾತ್ರ. ವಿಜ್ಞಾನವು ಬೆಳೆಯುವುದು ಪ್ರಶ್ನೋತ್ತರದಿಂದ. ಆ ಬಾಗಿಲನ್ನೇ ಆಕೆಗೆ ಮುಚ್ಚಿದ್ದರು. ಹೆಂಗಸರನ್ನು ಸದಸ್ಯರನ್ನಾಗಿ ಆ ಸೊಸೈಟಿ ಮೊದಲು ಚುನಾಯಿಸಿದ್ದು ೧೯೦೪ರ ಕೊನೆಯಲ್ಲಿ. ಬಿಯಾಟ್ರಿಕ್ಸಳನ್ನು ನಡೆಸಿಕೊಂಡ ರೀತಿಗೆ ಅದು ವಿಷಾದ ಸೂಚಿಸಿದ್ದು ೧೯೯೭ರಲ್ಲಿ—ಸರಿಯಾಗಿ ನೂರು ವರ್ಷಗಳ ಮೇಲೆ.

ಈ ಅನ್ಯಾಯವನ್ನು ತೂಗಲು ಕೆಲವರು ತಕ್ಕಡಿಯ ಮತ್ತೊಂದು ತಟ್ಟೆಯನ್ನು ಬೇಕಾದುದಕ್ಕಿಂತ ಹೆಚ್ಚು ತುಂಬಿದ್ದಾರೆ. ನಮ್ಮ ಮಸಾಲೆಯ ಡಬ್ಬಿಯಲ್ಲಿರುವ ಕಲ್ಲುಹೂವನ್ನು ಎಲ್ಲರೂ ಬಲ್ಲರು. ಅದು ಒಂದೇ ಜೀವಿಯಲ್ಲ. ಶಿಲೀಂಧ್ರವೂ ಪಾಚಿಯೂ ಕೂಡಿ ಬಾಳುವ ಒಂದು ಸಂಸಾರ. ಈ ಸತ್ಯವನ್ನು ಕಂಡವಳು ಬಿಯಾಟ್ರಿಕ್ಸ್ ಎಂದು ಹಲವೆಡೆ ಬರೆದಿರುವುದನ್ನು ಕಾಣುತ್ತೇವೆ. ಸ್ವಿಟ್ಸರ್‌ಲೆಂಡಿನ ಶ್ವೆಂಡೆನರ್ ಇದನ್ನು ಸಾರಿದ್ದು ೧೮೬೭ರಲ್ಲಿ, ಆಕೆ ಇನ್ನೂ ತೊಟ್ಟಿಲಲ್ಲಿದ್ದಾಗ. ಆಕೆ ಕಲ್ಲುಹೂಗಳನ್ನೂ ಪರೀಕ್ಷಿಸಿದಳೆಂಬುದು ನಿಜ. ಆದರೆ ಇಲ್ಲದ ಕಿರೀಟವನ್ನು ತೊಡಿಸುವುದು ಆಕೆಗೆ ಮಾಡುವ ಉಪಕಾರವಲ್ಲ. ಆಕೆಯ ಕೆಲಸಕ್ಕೆ ಸಾಕ್ಷಿಯಾಗಿ ಉಳಿದಿರುವುದು ಚಿತ್ರಗಳು. ಅವುಗಳ ಬೆಲೆಗೆ ಇನ್ನೊಬ್ಬರ ಶಿಫಾರಸು ಬೇಕಿಲ್ಲ.

ಇನ್ನು ಕಥೆಗಳು. ಪ್ರಾಣಿಗಳ ಬಾಯಲ್ಲಿ ಮಾತು ಇಡುವುದು ನಮಗೆ ಹೊಸದಲ್ಲ. ದುರ್ಗಸಿಂಹನ ಪಂಚತಂತ್ರ ಕನ್ನಡದಲ್ಲಿ ಹುಟ್ಟಿ ಸಾವಿರ ವರ್ಷ ಸಮೀಪಿಸಿತು. ಅಲ್ಲಿ ಸಿಂಹ, ಎತ್ತು, ನರಿಗಳು ರಾಜನೀತಿಯ ಪಾತ್ರಧಾರಿಗಳು. ನರಿಗೆ ಎಷ್ಟು ಬೆರಳೆಂದು ಅಲ್ಲಿ ಯಾರೂ ಕೇಳುವುದಿಲ್ಲ, ಕೇಳಬೇಕಾದ ಅಗತ್ಯವೂ ಇಲ್ಲ. ಬಿಯಾಟ್ರಿಕ್ಸಳ ದಾರಿ ಬೇರೆ. ಪೀಟರನು ಮೆಕ್‌ಗ್ರೆಗರನ ತೋಟದಲ್ಲಿ ಸಿಕ್ಕಿಬಿದ್ದು ಓಡುವಾಗ ಪಾದರಕ್ಷೆಗಳು ಕಳಚಿಹೋಗುತ್ತವೆ. ಆಮೇಲೆ ನಾಲ್ಕು ಕಾಲಿನಲ್ಲಿ ಓಡತೊಡಗುತ್ತಾನೆ, ವೇಗವೂ ಹೆಚ್ಚುತ್ತದೆ. ಬಟ್ಟೆ ಹೋದಂತೆ ಮನುಷ್ಯತನ ಹೋಗಿ ಮೊಲ ಉಳಿಯುತ್ತದೆ. ಅವನ ತಂದೆ ಅದೇ ತೋಟದಲ್ಲಿ ಸಿಕ್ಕಿ ಅಡುಗೆಯಾಗಿ ಹೋದನೆಂಬುದನ್ನು ತಾಯಿ ಮೊದಲ ಪುಟಗಳಲ್ಲಿಯೇ ಮಕ್ಕಳಿಗೆ ಮುಚ್ಚುಮರೆಯಿಲ್ಲದೆ ಹೇಳುತ್ತಾಳೆ.

(ಇಲ್ಲಿ ಒಂದು ಮಾತು. ನಾವು ಪೀಟರನನ್ನು ಮೊಲವೆನ್ನುತ್ತೇವೆ. ಆದರೆ ಅವನು ನಮ್ಮ ಕುರುಚಲು ಕಾಡಿನ ಮೊಲದ ಜಾತಿಯವನಲ್ಲ. ನಮ್ಮದು ಬಿಲ ತೋಡುವುದಿಲ್ಲ. ಅದರ ಮರಿಗಳು ಕಣ್ಣು ತೆರೆದುಕೊಂಡೇ, ಮೈತುಂಬ ಕೂದಲಿನೊಡನೆ ಹುಟ್ಟುತ್ತವೆ. ಪೀಟರನ ಜಾತಿ ಬಿಲದಲ್ಲಿ ಗುಂಪಾಗಿ ಬಾಳುವಂಥದು. ಮರಿಗಳು ಹುಟ್ಟುವಾಗ ಕುರುಡು, ಮೈ ಬೋಳು. ಇಂಗ್ಲಿಷಿನಲ್ಲಿ ಎರಡಕ್ಕೂ ಬೇರೆಬೇರೆ ಹೆಸರುಗಳಿವೆ. ತಾಯಿ ಮರದ ಬೇರಿನ ಕೆಳಗೆ ಮನೆ ಮಾಡಿಕೊಂಡಿರುವುದು ಕಥೆಯ ಅಲಂಕಾರವಲ್ಲ, ಆ ಪ್ರಾಣಿಯ ಸ್ವಭಾವ.)

೧೯೦೮ರ ‘ಜೆಮೈಮಾ ಪಡಲ್-ಡಕ್’ ಇನ್ನೂ ಖಚಿತವಾದುದು. ಸಾಕಿದ ಬಾತುಗಳು ಕಾವು ಕೂರುವುದರಲ್ಲಿ ಸಾಲದವು. ಅವುಗಳ ಮೊಟ್ಟೆಯನ್ನು ಕೋಳಿಯ ಕೆಳಗಿಡುವುದು ರೈತರ ವಾಡಿಕೆ. ಜೆಮೈಮಾಳ ಕಥೆ ಹುಟ್ಟುವುದೇ ಈ ಸಂಗತಿಯಿಂದ: ತನ್ನ ಮೊಟ್ಟೆಗೆ ತಾನೇ ಕಾವು ಕೊಡುತ್ತೇನೆಂದು ಕಾಡಿಗೆ ಹೋಗಿ ನರಿಯ ಅತಿಥಿಯಾಗುತ್ತಾಳೆ. ಅವಳನ್ನು ಬಿಡಿಸಲು ಬಂದ ನಾಯಿಮರಿಗಳು ನರಿಯನ್ನು ಓಡಿಸಿ, ಆಮೇಲೆ ಆ ಮೊಟ್ಟೆಗಳನ್ನು ತಾವೇ ತಿಂದುಬಿಡುತ್ತವೆ. ರಕ್ಷಕರೆಂದ ಮಾತ್ರಕ್ಕೆ ನಾಯಿಯ ನಾಲಗೆ ಬದಲಾಗುವುದಿಲ್ಲ! ಆರು ವರ್ಷದ ಮಗು ಇದನ್ನು ಓದಿ ಬೆಚ್ಚುತ್ತದೆ, ಮತ್ತೆ ಓದೆನ್ನುತ್ತದೆ.

ಪುಸ್ತಕವಾಗಿ ‘ಪೀಟರ್ ರ್‍ಯಾಬಿಟ್’ ಬೆಳಕು ಕಾಣುವುದು ಸುಲಭವಾಗಲಿಲ್ಲ. ನೋಯೆಲ್ ಜೋಪಾನವಾಗಿಟ್ಟಿದ್ದ ಕಾಗದವನ್ನು ಎರವಲು ಪಡೆದು ಬೆಳೆಸಿ ಬರೆದರೆ, ಪ್ರಕಾಶಕರು ಹಿಂದಕ್ಕೆ ಕಳುಹಿಸಿದರು. ೧೯೦೧ರ ಡಿಸೆಂಬರಿನಲ್ಲಿ ತನ್ನ ಸ್ವಂತ ಖರ್ಚಿನಿಂದ ೨೫೦ ಪ್ರತಿಗಳನ್ನು ಅಚ್ಚು ಹಾಕಿಸಿದಳು. ಮೊದಲ ಚಿತ್ರವೊಂದನ್ನು ಬಿಟ್ಟು ಉಳಿದವೆಲ್ಲ ಕಪ್ಪು ಗೆರೆಯವು. ಒಳ್ಳೆಯ ವರ್ಣಮುದ್ರಣ ದುಬಾರಿ, ಅಲ್ಲದೆ ಮೊಲದ ಕಂದು, ಎಲೆಯ ಹಸಿರು ಬಿಟ್ಟರೆ ಚಿತ್ರದಲ್ಲಿ ಬಣ್ಣವೆಲ್ಲಿದೆ ಎಂಬುದು ಆಕೆಯ ವಾದ. ಫ್ರೆಡರಿಕ್ ವಾರ್ನ್ ಸಂಸ್ಥೆ ಬಣ್ಣವೇ ಬೇಕೆಂದು ಹಟ ಹಿಡಿದು ೧೯೦೨ರಲ್ಲಿ ಹೊರತಂದಿತು. ಮುದ್ರಣಕ್ಕೆ ಬಳಸಿದ್ದು ಹೆಂಚೆಲ್ ತ್ರಿವರ್ಣ ವಿಧಾನದ ಬ್ಲಾಕುಗಳು.

ಈ ವಿಧಾನದ ಬೇರು ಭೌತವಿಜ್ಞಾನದಲ್ಲಿದೆ. ಕೆಂಪು, ಹಸಿರು, ನೀಲಿ ಎಂಬ ಮೂರು ಬೆಳಕುಗಳ ಬೆರಕೆಯಿಂದ ಉಳಿದ ಬಣ್ಣಗಳನ್ನು ಕಣ್ಣಿಗೆ ತೋರಿಸಬಹುದೆಂದು ಮ್ಯಾಕ್ಸ್‌ವೆಲ್ಲನು ೧೮೬೧ರಲ್ಲಿ ಪಟ್ಟಿಯೊಂದರ ಛಾಯಾಚಿತ್ರದಿಂದ ತೋರಿಸಿದ್ದನು. ಜಲವರ್ಣದ ಚಿತ್ರವನ್ನು ಈ ಮೂರು ಬಣ್ಣದ ಗಾಜುಗಳ ಮೂಲಕ ಮೂರು ಸಲ ಛಾಯಾಚಿತ್ರ ತೆಗೆದು ಮೂರು ಬ್ಲಾಕುಗಳನ್ನು ಮಾಡುತ್ತಾರೆ. ಅಚ್ಚಿನಲ್ಲಿ ಮಾತ್ರ ತಿರುಗುಮುರುಗು: ಶಾಯಿಯು ಬೆಳಕನ್ನು ಸೂಸುವುದಿಲ್ಲ, ನುಂಗುತ್ತದೆ. ಆದ್ದರಿಂದ ನೀಲಿ ಗಾಜಿನ ಬ್ಲಾಕಿಗೆ ನೀಲಿಯನ್ನು ನುಂಗುವ ಹಳದಿ ಶಾಯಿ, ಹಸಿರು ಗಾಜಿನದಕ್ಕೆ ಹಸಿರನ್ನು ನುಂಗುವ ಕೆಂಪು, ಕೆಂಪು ಗಾಜಿನದಕ್ಕೆ ಕೆಂಪನ್ನು ನುಂಗುವ ನೀಲಿ. ಬಣ್ಣದ ದಟ್ಟಣೆಯನ್ನು ಚುಕ್ಕೆಗಳ ಗಾತ್ರ ತೋರಿಸುತ್ತದೆ. ಪೀಟರನ ಹಳೆಯ ಪುಸ್ತಕವೊಂದನ್ನು ಕೈಮಸೂರದಿಂದ ನೋಡಿದರೆ ಕಂದು ಬಣ್ಣ ಎಲ್ಲಿಯೂ ಕಾಣದು. ಹಳದಿ, ಕೆಂಪು, ನೀಲಿಯ ಚುಕ್ಕೆಗಳಷ್ಟೆ. ಕಂದನ್ನು ಕಟ್ಟುವುದು ನಮ್ಮ ಕಣ್ಣು.

ಮುಂದಿನದನ್ನು ಬೇಗ ಹೇಳಬಹುದು. ಇಪ್ಪತ್ತಮೂರು ಪುಟ್ಟ ಪುಸ್ತಕಗಳು ಬಂದವು. ಪ್ರಕಾಶಕರ ಮನೆಯ ನಾರ್ಮನ್ ವಾರ್ನನೊಡನೆ ೧೯೦೫ರ ಜುಲೈಯಲ್ಲಿ ಮದುವೆ ನಿಶ್ಚಯವಾಯಿತು. ಒಂದು ತಿಂಗಳೊಳಗೆ ಅವನು ಕಾಯಿಲೆಯಿಂದ ತೀರಿಕೊಂಡನು. ಅದೇ ವರ್ಷ ಆಕೆ ಪುಸ್ತಕದ ಹಣ ಸೇರಿಸಿ ಇಂಗ್ಲೆಂಡಿನ ಸರೋವರ ಪ್ರಾಂತದಲ್ಲಿ ಹಿಲ್ ಟಾಪ್ ಎಂಬ ಹೊಲಮನೆಯನ್ನು ಕೊಂಡಳು. ೧೯೧೩ರಲ್ಲಿ, ನಲವತ್ತೇಳನೆಯ ವಯಸ್ಸಿನಲ್ಲಿ, ವಿಲಿಯಂ ಹೀಲಿಸ್ ಎಂಬ ವಕೀಲನನ್ನು ಮದುವೆಯಾಗಿ ಪೂರ್ಣವಾಗಿ ಒಕ್ಕಲುತನಕ್ಕೆ ಇಳಿದಳು. ಆ ಬೆಟ್ಟಗಳ ಹಳೆಯ ಹರ್ಡ್‌ವಿಕ್ ಕುರಿಗಳ ತಳಿಯನ್ನು ಉಳಿಸಿ ಬೆಳೆಸಿದಳು. ಕುರಿ ಸಾಕುವವರ ಸಂಘವು ೧೯೪೩ರಲ್ಲಿ ಆಕೆಯನ್ನು ಅಧ್ಯಕ್ಷೆಯಾಗಿ ಆರಿಸಿತು. ಅಧಿಕಾರ ವಹಿಸುವ ಮೊದಲೇ, ಆ ವರ್ಷದ ಡಿಸೆಂಬರ್ ೨೨ರಂದು, ಆಕೆ ತೀರಿಕೊಂಡಳು. ನಾಲ್ಕು ಸಾವಿರ ಎಕರೆಗೂ ಮಿಕ್ಕಿದ ನೆಲವನ್ನು ನ್ಯಾಷನಲ್ ಟ್ರಸ್ಟಿಗೆ ಬಿಟ್ಟುಹೋದಳು. ಲಿನಿಯನ್ ಸಭೆಯಲ್ಲಿ ಬಾಯಿ ತೆರೆಯಲು ಅವಕಾಶವಿಲ್ಲದಿದ್ದವಳ ಮಾತನ್ನು ಕುರಿಯ ಜಾತ್ರೆಗಳಲ್ಲಿ ಗಂಡಸರು ಟೋಪಿ ತೆಗೆದು ಕೇಳುತ್ತಿದ್ದಿರಬೇಕು!

ಅಣಬೆಯ ಚಿತ್ರಗಳನ್ನು ಆಕೆ ಆಂಬಲ್‌ಸೈಡ್ ಊರಿನ ಆರ್ಮಿಟ್ ಗ್ರಂಥಾಲಯಕ್ಕೆ ಕೊಟ್ಟಿದ್ದಳು. ೧೯೬೭ರಲ್ಲಿ ಫಿಂಡ್ಲೆ ಎಂಬ ಶಿಲೀಂಧ್ರತಜ್ಞನು ದಾರಿಬದಿಯ ಹಾಗೂ ಕಾಡಿನ ಅಣಬೆಗಳನ್ನು ಗುರುತಿಸಲು ಕೈಪಿಡಿಯೊಂದನ್ನು ಬರೆದಾಗ, ಆಕೆಯ ೫೯ ಚಿತ್ರಗಳನ್ನು ಆರಿಸಿ ಅದರಲ್ಲಿ ಸೇರಿಸಿದನು. ಬರೆದು ಎಪ್ಪತ್ತು ವರ್ಷಗಳ ಮೇಲೆ, ಅಣಬೆಯನ್ನು ಕಿತ್ತು ಕೈಯಲ್ಲಿ ಹಿಡಿದವನು ಹೆಸರು ಹುಡುಕಲು ಆ ಚಿತ್ರಗಳನ್ನು ನೋಡಿದನೆಂದಾಯಿತು. ಪ್ರಬಂಧದ ಹಾಳೆಗಳು ಎಲ್ಲಿಯೋ ಕಳೆದುಹೋದವು. ಕಾಡಿನ ಮುದುಕನ ಚಿತ್ರ ಮಾತ್ರ ಉಳಿದಿದೆ. ಕೆದರಿದ ಕರಿಯ ಹೊಪ್ಪಳೆಗಳೊಂದೊಂದೂ ಎಣಿಸುವಷ್ಟು ಸ್ಪಷ್ಟ, ಅದಕ್ಕೆ ಸೇರಿದ ತಾರೀಖು ೧೮೯೩, ಸೆಪ್ಟೆಂಬರ್ ೩.